ಎಲೆಯಂಚನ್ನು ನೋಡಿ ಬರೆಯುವುದು ಹೇಗೆ?

ಗಿಡ ಗುರುತಿಸಲು ನೆರವಾಗುವ ಯಾವ ಪುಸ್ತಕ ತೆರೆದರೂ ನಾಲ್ಕೈದು ಪ್ರಶ್ನೆ ದಾಟುವಷ್ಟರಲ್ಲಿ ಎಲೆಯಂಚಿನ ವಿಷಯ ಬಂದೇ ಬರುತ್ತದೆ. ಅಂಚು ನಯವಾಗಿದೆಯೇ, ಹಲ್ಲಿದೆಯೇ? ಹಲ್ಲಿದ್ದರೆ ಎಂಥದ್ದು? ಹೊಸಬರು ಎಡವುವುದು ಸಾಮಾನ್ಯವಾಗಿ ಇಲ್ಲೇ. ಎಲೆಯನ್ನು ಒಮ್ಮೆ ನೋಡಿ, ಪುಸ್ತಕದ ಕೊನೆಯ ಚಿತ್ರಪಟದ ಮೇಲೆ ಕಣ್ಣಾಡಿಸಿ, ‘ಇದೇ ಇರಬೇಕು’ ಅಂತ ಒಂದು ಹೆಸರನ್ನು ಆರಿಸಿಬಿಡುತ್ತಾರೆ. ಆ ಹೆಸರು ತಪ್ಪಿದರೆ ಮುಂದಿನ ದಾರಿಯೆಲ್ಲ ತಪ್ಪಿದಂತೆಯೇ.

ನನ್ನ ಸಲಹೆ ಇಷ್ಟೇ: ಹೆಸರನ್ನು ಕೊನೆಗೆ ಇಟ್ಟುಕೊಳ್ಳಿ. ಎಲೆಯಂಚು ಅನ್ನುವುದು ಒಂದೇ ಗುಣ ಅಲ್ಲ. ಅದರಲ್ಲಿ ನಾಲ್ಕೈದು ಗುಣಗಳು ಸೇರಿಕೊಂಡಿವೆ. ಅಂಚಿನ ಗೆರೆಯಲ್ಲಿ ಕಚ್ಚುಗಳಿವೆಯೇ, ಇದ್ದರೆ ಎಷ್ಟು ಆಳ, ಹಲ್ಲು ಯಾವ ಕಡೆಗೆ ಮುಖ ಮಾಡಿದೆ, ಅಂಚು ಚಪ್ಪಟೆಯಾಗಿ ಕೂರುತ್ತದೆಯೇ ಇಲ್ಲ ಏರಿಳಿಯುತ್ತದೆಯೇ, ಅಂಚಿನ ಮೇಲೆ ಕೂದಲೋ ಮುಳ್ಳೋ ಇದೆಯೇ – ಒಂದೊಂದಕ್ಕೂ ಉತ್ತರ ಬೇರೆ. ಮಾವಿನ ಎಲೆಯನ್ನೇ ನೋಡಿ. ಒಂದು ಹಲ್ಲೂ ಇಲ್ಲ. ಆದರೂ ಅಂಚು ಎಷ್ಟೋ ಸಲ ಅಲೆಅಲೆಯಾಗಿರುತ್ತದೆ. ‘ನಯವಾದ ಅಂಚು’ ಅಂತ ಬರೆದರೂ ಸರಿ, ‘ಅಲೆಯ ಅಂಚು’ ಅಂತ ಬರೆದರೂ ಸರಿ, ಆದರೆ ಒಂದನ್ನೇ ಬರೆದರೆ ಅರ್ಧ ಮಾಹಿತಿ ಬಿಟ್ಟುಹೋಗುತ್ತದೆ. ಹಾಗಾಗಿ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿಕೊಂಡು ಹೋಗೋಣ.

ಮೊದಲು ಸರಿಯಾದ ಎಲೆ ಆರಿಸಿ

ಕೈಗೆ ಸಿಕ್ಕ ಮೊದಲ ಎಲೆಯನ್ನು ಕಿತ್ತುಕೊಳ್ಳಬೇಡಿ. ತುದಿಯ ಚಿಗುರು ಬೇಡ, ಅದರ ಅಂಚು ಇನ್ನೂ ಬಿಚ್ಚಿಕೊಂಡಿರುವುದಿಲ್ಲ. ಬುಡದಿಂದ ಜೋರಾಗಿ ಎದ್ದ ಹೊಸ ಚಿಗುರುಕೊಂಬೆಯ ಎಲೆಯೂ ಬೇಡ. ಇಂಥ ಕೊಂಬೆಗಳಲ್ಲಿ ಎಲೆ ಅಳತೆ ಮೀರಿ ದೊಡ್ಡದಾಗಿ, ಹಲ್ಲುಗಳು ಒರಟಾಗಿ, ಒಮ್ಮೊಮ್ಮೆ ಬೇರೆ ಗಿಡದ್ದೇ ಅನ್ನಿಸುವಂತೆ ಇರುತ್ತವೆ. ಕೊಂಬೆಯ ನಡುಭಾಗದ, ಪೂರ್ತಿ ಬಲಿತ ಎಲೆ ತೆಗೆದುಕೊಳ್ಳಿ. ಒಂದಲ್ಲ, ಐದಾರು. ಸಾಧ್ಯವಾದರೆ ಬೇರೆ ಬೇರೆ ಕೊಂಬೆಗಳಿಂದ, ಕೆಳಗಿನದು ಮೇಲಿನದು ಎರಡೂ ಇರಲಿ.

ಇಷ್ಟು ಕಾಳಜಿ ಯಾಕೆ ಅಂದರೆ ಒಂದೇ ಮರದಲ್ಲಿ ಎರಡು ಥರದ ಅಂಚು ಇರುವುದು ಅಪರೂಪವೇನಲ್ಲ. ಹಿಪ್ಪುನೇರಳೆಯಲ್ಲಿ ಒಂದೇ ಕೊಂಬೆಯ ಮೇಲೆ ಸೀಳಿದ ಎಲೆಯೂ ಸೀಳದ ಎಲೆಯೂ ಸಿಗುತ್ತವೆ. ಹಲಸಿನ ಎಳೆ ಗಿಡದಲ್ಲಿ ಎಲೆ ಸೀಳಿರುತ್ತದೆ, ಮರ ಬೆಳೆದ ಮೇಲೆ ಬರುವ ಎಲೆಗಳ ಅಂಚು ಅಖಂಡ. ಯುರೋಪಿನ ‘ಹಾಲಿ’ (holly) ಎಂಬ ಮರದಲ್ಲಿ ಕೆಳಗಿನ ಕೊಂಬೆಗಳ ಎಲೆಯಂಚಿನಲ್ಲಿ ಚೂಪು ಮುಳ್ಳುಗಳು, ಎತ್ತರದ ಕೊಂಬೆಗಳಲ್ಲಿ ಮುಳ್ಳೇ ಇಲ್ಲದ ನಯವಾದ ಎಲೆಗಳು. ಮೇಯುವ ಪ್ರಾಣಿಯ ಬಾಯಿಗೆ ಸಿಗುವುದು ಕೆಳಗಿನ ಎಲೆ ತಾನೇ. ಹೀಗೆ ಎರಡು ಥರ ಕಂಡರೆ ಒಂದನ್ನು ಬಿಟ್ಟುಬಿಡಬೇಡಿ. ಎರಡನ್ನೂ ಬರೆಯಿರಿ, ಯಾವುದು ಗಿಡದ ಯಾವ ಭಾಗದ್ದು ಅಂತಲೂ ಬರೆಯಿರಿ.

ಸಲಕರಣೆ ಜಾಸ್ತಿ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಲೆನ್ಸ್, ಮಿಲಿಮೀಟರ್ ಗುರುತಿರುವ ಸ್ಕೇಲು, ಬಿಳಿ ಕಾಗದ, ಪೆನ್ಸಿಲ್. ಮನೆಯಲ್ಲಿ ಸ್ಕ್ಯಾನರ್ ಇದ್ದರೆ ಎಲೆಯ ಎರಡೂ ಮುಖಗಳನ್ನು 600 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಆಗ ಒಂದು ಮಿಲಿಮೀಟರಿಗೆ ಸುಮಾರು 24 ಪಿಕ್ಸೆಲ್ ಬೀಳುತ್ತದೆ, ಚಿಕ್ಕ ಹಲ್ಲನ್ನೂ ಆಮೇಲೆ ಅಳೆಯಬಹುದು. ಸ್ಕೇಲನ್ನು ಎಲೆಯ ಪಕ್ಕದಲ್ಲೇ ಇಟ್ಟು ಸ್ಕ್ಯಾನ್ ಮಾಡುವುದನ್ನು ಮರೆಯಬೇಡಿ.

ಇದು ಎಲೆಯೋ, ಕಿರುಎಲೆಯೋ?

ಅಂಚು ನೋಡುವ ಮುನ್ನ ಇದೊಂದು ಖಚಿತವಾಗಬೇಕು. ಬೇವಿನಲ್ಲಿ ನಾವು ಎಲೆ ಅಂತ ಅಂದುಕೊಳ್ಳುವ ಚಿಕ್ಕ ಹಸಿರು ತುಣುಕು ಪೂರ್ತಿ ಎಲೆಯಲ್ಲ, ಎಲೆಯ ಒಂದು ಭಾಗ. ಉದ್ದನೆಯ ಕಡ್ಡಿ, ಅದರ ಎರಡು ಬದಿಯ ಕಿರುಎಲೆಗಳು ಎಲ್ಲ ಸೇರಿ ಒಂದು ಎಲೆ. ಗುಲಾಬಿಯದ್ದೂ ಹಾಗೇ. ಪರೀಕ್ಷೆ ಸುಲಭ: ಎಲೆತೊಟ್ಟು ಕೊಂಬೆಗೆ ಸೇರುವ ಮೂಲೆಯಲ್ಲಿ ಮೊಗ್ಗು ಇರುತ್ತದೆ, ಕಿರುಎಲೆಯ ಬುಡದಲ್ಲಿ ಇರುವುದಿಲ್ಲ. ಸಂಯುಕ್ತ ಎಲೆಯಾದರೆ ಅಂಚಿನ ವಿವರಣೆ ಬರೆಯುವುದು ಕಿರುಎಲೆಗೆ. ‘ಕಿರುಎಲೆಯ ಅಂಚು ಗರಗಸದಂತೆ’ ಅಂತ ಸ್ಪಷ್ಟವಾಗಿ ಬರೆಯಿರಿ.

ಗೆರೆ ಕಡಿದಿದೆಯೇ?

ಎಲೆಯನ್ನು ಬೆಳಕಿಗೆ ಅಡ್ಡ ಹಿಡಿಯಿರಿ. ಮೇಲಿನ ಬಣ್ಣ, ಹೊಳಪು ಎಲ್ಲ ಮಾಯವಾಗಿ ಬರೀ ಅಂಚಿನ ಗೆರೆ ಕಪ್ಪಾಗಿ ಕಾಣುತ್ತದೆ. ಬುಡದಿಂದ ತುದಿಯವರೆಗೆ ಕಣ್ಣನ್ನು ಅದರ ಮೇಲೆ ನಿಧಾನ ಓಡಿಸಿ. ಆಮೇಲೆ ಇನ್ನೊಂದು ಬದಿ.

ಎಲ್ಲೂ ಕಚ್ಚಿಲ್ಲ, ಉಬ್ಬಿಲ್ಲ ಅಂದರೆ ಅದು ಅಖಂಡ ಅಂಚು, ಪುಸ್ತಕದ ಭಾಷೆಯಲ್ಲಿ ಎಂಟೈರ್. ಮಾವು, ಆಲ, ಸೀಬೆ, ನೇರಳೆ ಎಲ್ಲ ಈ ಗುಂಪು. ಆದರೆ ಲೆನ್ಸ್ ಇಟ್ಟು ನೋಡದೆ ಅಖಂಡ ಅಂತ ಬರೆಯಬೇಡಿ. ಬರಿಗಣ್ಣಿಗೆ ನಯವಾಗಿ ಕಂಡ ಅಂಚಿನಲ್ಲಿ ಅರ್ಧ ಮಿಲಿಮೀಟರಿನ ಹಲ್ಲುಗಳು ಸಾಲಾಗಿ ಕೂತಿರುವುದುಂಟು. ಹುಲ್ಲುಗಳಲ್ಲಿ ಇನ್ನೊಂದು ಮೋಸ. ಗೆರೆ ನೇರವಾಗಿ ಕಾಣುತ್ತದೆ, ಆದರೆ ತುದಿಯಿಂದ ಬುಡದ ಕಡೆಗೆ ಬೆರಳೆಳೆದರೆ ಚರ್ಮ ಕೊಯ್ದುಕೊಳ್ಳುತ್ತದೆ. ಅಂಚಿನಲ್ಲಿ ಸಿಲಿಕಾ ತುಂಬಿದ ಸೂಕ್ಷ್ಮ ಮುಳ್ಳುಗಳಿರುತ್ತವೆ, ಅವು ಸಾಮಾನ್ಯವಾಗಿ ತುದಿಯ ಕಡೆಗೆ ಬಾಗಿರುತ್ತವೆ. ಅಂಥ ಅಂಚನ್ನು ‘ಅಖಂಡ, ಆದರೆ ಮುಟ್ಟಿದರೆ ಒರಟು’ ಅಂತ ಬರೆದರೆ ಸಾಕು.

ಕಚ್ಚು ಕಂಡಿತು ಅನ್ನಿ. ಅದು ಎಲೆಯದ್ದೇ ಆಕಾರವೋ ಗಾಯವೋ ಅಂತ ಮೊದಲು ನೋಡಿಕೊಳ್ಳಿ. ಬಾಳೆ ಎಲೆಯ ಅಂಚು ಅಖಂಡ. ಗಾಳಿಗೆ ಅದು ಪಕ್ಕದ ನರಗಳ ಗುಂಟ ಹರಿದು, ಗರಿಗರಿಯಾಗಿ ಸೀಳಿದಂತೆ ಕಾಣುತ್ತದೆ ಅಷ್ಟೇ. ಗುಲಾಬಿಯ ಎಲೆಯಲ್ಲಿ ಕತ್ತರಿಯಿಂದ ಕತ್ತರಿಸಿದಷ್ಟು ಚೊಕ್ಕವಾದ ಅರ್ಧವೃತ್ತ ಕಂಡರೆ ಅದು ಎಲೆಕತ್ತರಿಸುವ ಜೇನುನೊಣದ ಕೆಲಸ, ಗೂಡಿಗೆ ಒಯ್ದಿರುತ್ತದೆ. ಹುಳು ತಿಂದ ಜಾಗದಲ್ಲಿ ಅಂಚು ಕಂದುಬಣ್ಣಕ್ಕೆ ತಿರುಗಿ ಒಣಗಿರುತ್ತದೆ, ನರಗಳು ಅರ್ಧಕ್ಕೇ ತುಂಡಾಗಿರುತ್ತವೆ. ಸಹಜವಾದ ಕಚ್ಚಿನಲ್ಲಿ ನರಗಳು ಹಾಗೆ ಕಡಿದು ನಿಲ್ಲುವುದಿಲ್ಲ, ಬಾಗಿ ಪಕ್ಕಕ್ಕೆ ಹೋಗುತ್ತವೆ ಅಥವಾ ಹಲ್ಲಿನೊಳಕ್ಕೆ ನುಗ್ಗುತ್ತವೆ. ಎಡಬದಿ ಬಲಬದಿ ಹೋಲಿಸಿದರೂ ಗೊತ್ತಾಗುತ್ತದೆ, ಗಾಯ ಎರಡು ಬದಿಯಲ್ಲೂ ಒಂದೇ ಥರ ಆಗುವುದಿಲ್ಲ.

ತಮಾಷೆಯೆಂದರೆ, ಯಾರೋ ಕಚ್ಚಿ ಬಿಟ್ಟಂತೆಯೇ ಕಾಣುವ ಸಹಜ ಅಂಚೂ ಇದೆ. ಬೈನೆ ಮರದ ಕಿರುಎಲೆ ಮೀನಿನ ಬಾಲದ ಹಾಗಿರುತ್ತದೆ ಅಲ್ವಾ, ಅದರ ಅಗಲ ತುದಿ ಅಡ್ಡಾದಿಡ್ಡಿ ಹರಿದಂತೆ ಇರುತ್ತದೆ. ಹರಿದದ್ದಲ್ಲ, ಹುಟ್ಟಿದ್ದೇ ಹಾಗೆ. ಹೊಸ ಎಲೆಗಳಲ್ಲೂ ಅದೇ ರೂಪ ಕಾಣುತ್ತದೆ, ಕಂದು ಗಾಯದ ಗೆರೆ ಇರುವುದಿಲ್ಲ. ಇಂಥದ್ದಕ್ಕೆ ಇರೋಸ್ ಅನ್ನುವ ಹೆಸರಿದೆ.

ಹಲ್ಲೋ, ಹಾಲೆಯೋ?

ಕಚ್ಚು ಎಷ್ಟು ಆಳಕ್ಕೆ ಹೋಗಿದೆ ಅನ್ನುವುದರ ಮೇಲೆ ಇದರ ತೀರ್ಮಾನ. ಕಣ್ಣಂದಾಜಿಗೆ ಬಿಡದೆ ಅಳೆಯಿರಿ. ಎರಡು ಚಾಚುಗಳ ನಡುವಿನ ಕಚ್ಚು, ಚಾಚಿನ ತುದಿಯಿಂದ ನಡುನರದವರೆಗಿನ ದೂರದಲ್ಲಿ ಕಾಲುಭಾಗ ಅಥವಾ ಅದಕ್ಕಿಂತ ಜಾಸ್ತಿ ಒಳಗೆ ಹೋಗಿದ್ದರೆ ಆ ಚಾಚು ಹಾಲೆ. ಅದಕ್ಕಿಂತ ಕಡಿಮೆಯಾದರೆ ಹಲ್ಲು. ಎಲೆಯ ರಚನೆಯನ್ನು ಅಧ್ಯಯನ ಮಾಡುವವರು, ಅದರಲ್ಲೂ ಪಳೆಯುಳಿಕೆ ಎಲೆಗಳನ್ನು ನೋಡುವವರು, ಬಳಸುವ ಗೆರೆ ಇದೇ. ಉದಾಹರಣೆಗೆ ಚಾಚಿನ ತುದಿಯಿಂದ ನಡುನರಕ್ಕೆ 40 ಮಿ.ಮೀ. ಇದೆ ಅಂದುಕೊಳ್ಳಿ. ಕಚ್ಚಿನ ಆಳ 6 ಮಿ.ಮೀ. ಆದರೆ ಶೇ. 15, ಅಂದರೆ ಹಲ್ಲು. ಆಳ 14 ಮಿ.ಮೀ. ಆದರೆ ಶೇ. 35, ಹಾಲೆ.

ಹಾಲೆಗಳಿರುವ ಎಲೆಯಲ್ಲಿ ಎರಡು ಮಾತು ಬರೆಯಬೇಕು. ಕಚ್ಚುಗಳು ನಡುನರದ ಕಡೆಗೆ ಹೋಗುತ್ತಿವೆಯೋ, ಇಲ್ಲ ಎಲೆತೊಟ್ಟು ಸೇರುವ ಬಿಂದುವಿನ ಕಡೆಗೋ? ಓಕ್ ಎಲೆಯಲ್ಲಿ ನಡುನರದ ಕಡೆಗೆ – ಇದು ಗರಿಯ ಥರ. ಪಪ್ಪಾಯಿ, ಹತ್ತಿ, ಹರಳುಗಳಲ್ಲಿ ಬುಡದ ಬಿಂದುವಿನ ಕಡೆಗೆ – ಇದು ಅಂಗೈ ಥರ. ಎರಡನೆಯದು ಆಳ. ಅರ್ಧಕ್ಕಿಂತ ಕಡಿಮೆ, ಅರ್ಧದಷ್ಟು, ಅರ್ಧ ದಾಟಿ, ಹೆಚ್ಚುಕಡಿಮೆ ನಡುನರದವರೆಗೆ – ಈ ನಾಲ್ಕು ಮಟ್ಟಕ್ಕೆ ಹಳೆಯ ಪುಸ್ತಕಗಳಲ್ಲಿ ಬೇರೆ ಬೇರೆ ಹೆಸರುಗಳಿವೆ, ಆದರೆ ಒಬ್ಬರ ಗಡಿ ಇನ್ನೊಬ್ಬರಿಗೆ ಹೊಂದುವುದಿಲ್ಲ. ಹೆಸರಿನ ತಲೆನೋವು ಬೇಡ. ‘ಮೂರನೇ ಎರಡು ಭಾಗದಷ್ಟು ಆಳಕ್ಕೆ ಸೀಳಿದೆ’ ಅಂತ ಬರೆದರೆ ಎಲ್ಲರಿಗೂ ಅರ್ಥವಾಗುತ್ತದೆ. ಹತ್ತಿಯಲ್ಲೇ ಜಾತಿಯಿಂದ ಜಾತಿಗೆ ಈ ಆಳ ಬದಲಾಗುತ್ತದೆ, ಆಗ ಅಳತೆಯೇ ಉಪಯೋಗಕ್ಕೆ ಬರುವುದು.

ಹಾಲೆ ಇದೆ ಅಂದ ಮಾತ್ರಕ್ಕೆ ಅಂಚಿನ ಕೆಲಸ ಮುಗಿಯಲಿಲ್ಲ. ಹಾಲೆಗೂ ಒಂದು ಅಂಚಿರುತ್ತದೆ! ಹರಳಿನ ಎಲೆ ಅಂಗೈಯಂತೆ ಸೀಳಿದೆ, ಜೊತೆಗೆ ಪ್ರತಿ ಹಾಲೆಯ ಅಂಚಿನಲ್ಲಿ ಗರಗಸದ ಹಲ್ಲುಗಳೂ ಇವೆ. ಎರಡನ್ನೂ ಬರೆಯಬೇಕು. ‘ಹಾಲೆ ಇದೆ, ಹಾಗಾಗಿ ಹಲ್ಲಿನ ಮಾತು ಬೇಡ’ ಅಂತ ನಿಲ್ಲಿಸಿದ ವಿವರಣೆಗಳು ಬೇಕಾದಷ್ಟು ಸಿಗುತ್ತವೆ.

ಹಲ್ಲು ಯಾವ ಕಡೆ ನೋಡುತ್ತಿದೆ?

ಇಡೀ ಕೆಲಸದಲ್ಲಿ ನನಗೆ ಇಷ್ಟವಾದ ಭಾಗ ಇದು, ಯಾಕೆಂದರೆ ಬೆರಳೇ ಸಾಕು. ಎಲೆಯ ಅಂಚಿನ ಗುಂಟ ಬುಡದಿಂದ ತುದಿಗೆ ಬೆರಳು ಎಳೆಯಿರಿ. ಆಮೇಲೆ ತುದಿಯಿಂದ ಬುಡಕ್ಕೆ. ಮೊದಲ ಸಲ ಜಾರಿಹೋಗಿ, ಎರಡನೇ ಸಲ ತಡೆದರೆ ಹಲ್ಲುಗಳು ತುದಿಯ ಕಡೆಗೆ ಬಾಗಿವೆ. ಇದು ಗರಗಸದಂಚು, ಸೆರೇಟ್. ಗುಲಾಬಿಯ ಕಿರುಎಲೆ, ಬೇವಿನ ಕಿರುಎಲೆ, ಪುದೀನ ಎಲ್ಲ ಇದಕ್ಕೆ ಉದಾಹರಣೆ. ಎರಡೂ ಕಡೆ ಒಂದೇ ಥರ ತಡೆದರೆ ಹಲ್ಲುಗಳು ನೇರ ಹೊರಕ್ಕೆ ಚಾಚಿವೆ, ಅದು ಡೆಂಟೇಟ್. ತುದಿಯ ಕಡೆ ಎಳೆಯುವಾಗಲೇ ತಡೆದರೆ? ಹಲ್ಲು ಹಿಮ್ಮುಖ, ಬುಡದ ಕಡೆಗೆ ತಿರುಗಿದೆ. ಇದು ವಿರಳ. ಡ್ಯಾಂಡೆಲಿಯನ್ ಎಲೆಯ ಚಾಚುಗಳು ಹೀಗೆ ಹಿಂದಕ್ಕೆ ಬಾಗಿರುತ್ತವೆ, ಅವು ಆಳದ ಲೆಕ್ಕದಲ್ಲಿ ಹಾಲೆಗಳೇ.

ಬೆರಳಿಗೆ ಚುಚ್ಚಲೇ ಇಲ್ಲ, ಆದರೆ ಉಬ್ಬುತಗ್ಗು ಸಿಗುತ್ತಿದೆ ಅಂದರೆ ಹಲ್ಲಿನ ತುದಿ ದುಂಡು. ಅದು ಕ್ರೀನೇಟ್. ಒಂದೆಲಗ, ಕಾಡುಬಸಳೆ ನೋಡಿ. ಇಂಥ ಅಂಚಿನಲ್ಲಿ ಹಲ್ಲು ದುಂಡಗಿರುತ್ತದೆ, ಎರಡು ಹಲ್ಲುಗಳ ನಡುವಿನ ಕಚ್ಚು ಮಾತ್ರ ಚೂಪು. ಕಾಡುಬಸಳೆಯ ಆ ಕಚ್ಚುಗಳಲ್ಲೇ ಹೊಸ ಗಿಡಗಳು ಮೊಳೆಯುವುದು. ಬಲಿತ ಎಲೆಯೊಂದನ್ನು ಒದ್ದೆ ಮಣ್ಣಿನ ಮೇಲೆ ಸುಮ್ನೆ ಬಿಟ್ಟು ನೋಡಿ, ಕಚ್ಚು ಎಲ್ಲೆಲ್ಲಿದೆ ಅಂತ ಎಳೆ ಗಿಡಗಳೇ ತೋರಿಸಿಕೊಡುತ್ತವೆ.

ಈ ಮೂರರ ನಡುವೆ ಬೀಳುವ ಎಲೆಗಳು ಬೇಕಾದಷ್ಟಿವೆ. ಲಂಟಾನದ ಹಲ್ಲು ತುದಿಯ ಕಡೆಗೆ ಬಾಗಿರುತ್ತದೆ, ಆದರೆ ಚೂಪಿಲ್ಲ, ದುಂಡಗಿರುತ್ತದೆ. ಸಸ್ಯಶಾಸ್ತ್ರಜ್ಞರು ಇದನ್ನು ಕ್ರೀನೇಟ್-ಸೆರೇಟ್ ಅಂತ ಜೋಡಿಸಿ ಬರೆಯುತ್ತಾರೆ. ನೀವೂ ಧೈರ್ಯವಾಗಿ ಜೋಡಿಸಬಹುದು. ಒಂದೇ ಪೆಟ್ಟಿಗೆಗೆ ತುರುಕಬೇಕೆಂಬ ನಿಯಮವಿಲ್ಲ.

ಹಲ್ಲು ತೀರಾ ಸಣ್ಣದಾದರೆ ಹೆಸರಿನ ಬಾಲ ಬದಲಾಗುತ್ತದೆ: ಸೆರುಲೇಟ್, ಡೆಂಟಿಕ್ಯುಲೇಟ್, ಕ್ರೆನ್ಯುಲೇಟ್. ಎಷ್ಟು ಸಣ್ಣದಾದರೆ ಈ ಹೆಸರು ಅನ್ನುವುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಹಾಗಾಗಿ ನಾನು ಈ ಬಾಲಗಳನ್ನು ನಂಬುವುದು ಕಡಿಮೆ, ‘ಹಲ್ಲಿನ ಎತ್ತರ ಅರ್ಧ ಮಿ.ಮೀ.’ ಅನ್ನುವುದು ಎಷ್ಟೋ ವಾಸಿ.

ಹಲ್ಲಿನ ಹತ್ತಿರಕ್ಕೆ ಹೋಗಿ

ಈಗ ಲೆನ್ಸ್ ಹಿಡಿಯಿರಿ. ಲೆನ್ಸನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಇಟ್ಟುಕೊಂಡು, ಎಲೆಯನ್ನು ಲೆನ್ಸಿನ ಕಡೆಗೆ ತನ್ನಿ. ಎಲೆಯ ಮೇಲೆ ಲೆನ್ಸ್ ಇಟ್ಟು ದೂರದಿಂದ ಬಗ್ಗಿ ನೋಡಿದರೆ ಏನೂ ಕಾಣುವುದಿಲ್ಲ.

ಒಂದೇ ಒಂದು ಹಲ್ಲು ಆರಿಸಿ. ಅದಕ್ಕೆ ಎರಡು ಬದಿ: ತುದಿಯ ಕಡೆಯ ಬದಿ, ಬುಡದ ಕಡೆಯ ಬದಿ. ಒಂದೊಂದೂ ನೇರವೋ, ಉಬ್ಬಿದೆಯೋ, ಒಳಕ್ಕೆ ಬಾಗಿದೆಯೋ ನೋಡಿ. ಆಮೇಲೆ ಹಲ್ಲಿನ ತುದಿ. ಅಲ್ಲಿ ಚಿಕ್ಕ ಗುಂಡು ಗ್ರಂಥಿ ಇದೆಯೇ? ಹರಳಿನ ಹಲ್ಲುಗಳ ತುದಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ನರವೊಂದು ಹಲ್ಲಿನ ತುದಿಗೇ ಬಂದು ಮುಗಿಯುತ್ತದೆಯೇ, ಇಲ್ಲ ಅಂಚಿಗೆ ಮೊದಲೇ ಬಾಗಿ ಮುಂದಿನ ನರದ ಜೊತೆ ಸೇರಿಕೊಳ್ಳುತ್ತದೆಯೇ? ಚೆಸ್ಟ್‌ನಟ್ ಎಲೆಯಲ್ಲಿ ಪಕ್ಕದ ಒಂದೊಂದು ನರವೂ ಒಂದೊಂದು ಹಲ್ಲಿಗೆ ಹೋಗಿ, ತುದಿಯಲ್ಲಿ ಸಣ್ಣ ಬಿರುಸು ಕೂದಲಿನಂತೆ ಹೊರಕ್ಕೆ ಚಾಚಿಕೊಳ್ಳುತ್ತದೆ.

ಸ್ಟ್ರಾಬೆರಿಯಲ್ಲಿ ಮುಂಜಾನೆ ಹಲ್ಲಿನ ತುದಿಗಳಲ್ಲಿ ನೀರಿನ ಹನಿಗಳು ಸಾಲಾಗಿ ನಿಂತಿರುವುದನ್ನು ನೋಡಿರಬಹುದು. ಎಲ್ಲವೂ ಇಬ್ಬನಿ ಅಲ್ಲ. ರಾತ್ರಿ ಬೇರು ಮೇಲಕ್ಕೆ ತಳ್ಳಿದ ನೀರು ಹಲ್ಲುಗಳಲ್ಲಿರುವ ಸಣ್ಣ ರಂಧ್ರಗಳಿಂದ ಹೊರಬಂದು ಹನಿಯಾಗಿರುತ್ತದೆ. ಹನಿಗಳು ಎಲೆಯ ಮೇಲೆಲ್ಲ ಹರಡದೆ ಹಲ್ಲಿಗೊಂದರಂತೆ ನಿಂತಿದ್ದರೆ ನರಗಳು ಹಲ್ಲಿಗೆ ಬಂದು ಮುಗಿಯುತ್ತವೆ ಅಂತ ಲೆನ್ಸಿಲ್ಲದೆಯೇ ಹೇಳಬಹುದು.

ಹಲ್ಲು ಮೂಡುವುದರ ಹಿಂದೆಯೂ ಒಂದು ವ್ಯವಸ್ಥೆ ಇದೆ. ಎಲೆ ತೀರಾ ಎಳೆಯದಾಗಿರುವಾಗ ಅಂಚಿನ ಕೆಲವು ಬಿಂದುಗಳಲ್ಲಿ ಆಕ್ಸಿನ್ ಅನ್ನುವ ಹಾರ್ಮೋನು ಜಮೆಯಾಗುತ್ತದೆ, ಆ ಜಾಗ ಹೊರಕ್ಕೆ ಬೆಳೆಯುತ್ತದೆ. ನಡುವಿನ ಜಾಗದಲ್ಲಿ ಬೆಳವಣಿಗೆಯನ್ನು ತಡೆಯುವ ಜೀನುಗಳು ಕೆಲಸ ಮಾಡುತ್ತವೆ, ಅಲ್ಲಿ ಕಚ್ಚು ಉಳಿಯುತ್ತದೆ. ಸಾಸಿವೆಯ ಬಳಗದ ಅರಾಬಿಡೋಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಇಂಥ ಒಂದು ಜೀನನ್ನು ಕೆಡಿಸಿದಾಗ ಅಂಚಿನ ಹಲ್ಲುಗಳೇ ಮಾಯವಾದವು.

ಮುಂದಿನದು ಎಣಿಕೆ. ಎಲೆಯ ಉದ್ದವನ್ನು ನಾಲ್ಕು ಪಾಲು ಮಾಡಿ, ನಡುವಿನ ಎರಡು ಪಾಲಿನಲ್ಲಿ ಎಣಿಸಿ. ಬುಡ ಮತ್ತು ತುದಿಯಲ್ಲಿ ಹಲ್ಲುಗಳು ಒತ್ತೊತ್ತಾಗಿಯೋ ವಿರಳವಾಗಿಯೋ ಇರುತ್ತವೆ, ಲೆಕ್ಕ ಕೆಡುತ್ತದೆ. ಒಂದು ಸೆಂಟಿಮೀಟರಿಗೆ ಎಷ್ಟು ಹಲ್ಲು ಅಂತ ಬರೆಯಿರಿ. ಎಲ್ಲ ಹಲ್ಲುಗಳೂ ಒಂದೇ ಗಾತ್ರವೇ ಅಂತಲೂ ನೋಡಿ. ದೊಡ್ಡ ಹಲ್ಲಿನ ಮೇಲೆ ಚಿಕ್ಕ ಹಲ್ಲುಗಳು ಕೂತಿದ್ದರೆ ಅದು ಇಮ್ಮಡಿ ಗರಗಸದಂಚು. ಎಲ್ಮ್, ಬರ್ಚ್ ಮರಗಳಲ್ಲಿ ಹೀಗಿರುತ್ತದೆ. ಅಲ್ಲಿ ದೊಡ್ಡದನ್ನೂ ಚಿಕ್ಕದನ್ನೂ ಬೇರೆಬೇರೆಯಾಗಿ ಎಣಿಸಬೇಕು.

ಹಲ್ಲುಗಳು ಎಲೆಯ ಯಾವ ಭಾಗದಲ್ಲಿವೆ ಅನ್ನುವುದನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ದಾಸವಾಳದ ಎಲೆಯನ್ನು ಕೈಯಲ್ಲಿ ಹಿಡಿದು ಬುಡದಿಂದ ನೋಡುತ್ತಾ ಹೋಗಿ. ಶುರುವಿನಲ್ಲಿ ಹಲ್ಲೇ ಇಲ್ಲ, ಅಂಚು ಅಖಂಡ. ಸ್ವಲ್ಪ ಮೇಲೆ ಹೋದ ಮೇಲೆ ಒರಟು ಹಲ್ಲುಗಳು ಶುರುವಾಗಿ ತುದಿಯವರೆಗೂ ಹೋಗುತ್ತವೆ. ಬುಡದ ತುಂಡು ಮಾತ್ರ ಕೈಗೆ ಸಿಕ್ಕವನು ಇದನ್ನು ಅಖಂಡ ಅಂತಲೇ ಬರೆದಾನು. ಸೆಣಬಿನಲ್ಲಿ ಇದರ ತಿರುವು. ಅಂಚೆಲ್ಲ ಸಾಮಾನ್ಯ ಗರಗಸವೇ. ಆದರೆ ತೀರಾ ಬುಡದ ಎರಡು ಹಲ್ಲುಗಳು, ಎಡಕ್ಕೊಂದು ಬಲಕ್ಕೊಂದು, ಉದ್ದ ಕೂದಲಿನಂತೆ ಬೆಳೆದು ಕೆಳಕ್ಕೆ ಇಳಿಬಿದ್ದಿರುತ್ತವೆ. ಹೂವಿಲ್ಲದ ಗಿಡದಲ್ಲೂ ಆ ಎರಡು ಎಳೆ ಕಂಡರೆ ಸೆಣಬಿನ ಬಳಗ ಅಂತ ಗುರುತು ಹಿಡಿಯಬಹುದು. ಅದಕ್ಕೇ ಹೇಳಿದ್ದು, ಬರೀ ‘ಗರಗಸದಂಚು’ ಅಂತ ಬರೆದು ಪುಸ್ತಕ ಮುಚ್ಚಬೇಡಿ.

ಅಲೆಯೇ, ಹಲ್ಲೇ? ಗಾಜು ಒತ್ತಿ ನೋಡಿ

ಕಂಬದಂತೆ ನೇರ ಬೆಳೆಯುವ ಅಶೋಕದ ಉದ್ದನೆಯ ಎಲೆಗಳನ್ನು ನೋಡಿ. ಅಂಚು ಮೇಲಕ್ಕೆ ಕೆಳಕ್ಕೆ ಏರಿಳಿಯುತ್ತದೆ. ಇದನ್ನು ಕ್ರೀನೇಟ್ ಅಂತ ಬರೆಯುವವರಿದ್ದಾರೆ, ಮೇಲಿನಿಂದ ನೋಡಿದರೆ ಹಾಗನ್ನಿಸುತ್ತದೆ ಕೂಡ. ಗಾಜಿನ ತುಂಡಿನ ಕೆಳಗೆ ಎಲೆಯನ್ನು ಇಟ್ಟು ಮೆಲ್ಲಗೆ ಒತ್ತಿ. ಅಲೆ ಮಾಯವಾಗಿ ಗೆರೆ ನೇರವಾಯಿತು ಅಂದರೆ ಕಚ್ಚು ಇರಲೇ ಇಲ್ಲ. ಅಂಚು ಅಖಂಡ, ಅದರ ಜೊತೆಗೆ ಅಲೆ ಇದೆ – ಅಂಡ್ಯುಲೇಟ್. ಒತ್ತಿದ ಮೇಲೂ ಗೆರೆ ಒಳಗೆ ಹೊರಗೆ ಬಳುಕುತ್ತಲೇ ಇದ್ದರೆ ಅದು ಸಿನ್ಯುಯೇಟ್. ಮೊದಲನೆಯದು ಎಲೆಯ ಮಟ್ಟದಿಂದ ಮೇಲೆ ಕೆಳಗೆ, ಎರಡನೆಯದು ಎಲೆಯ ಮಟ್ಟದಲ್ಲೇ. ಅಲೆ ಒತ್ತೊತ್ತಾಗಿ ಸುರುಳಿಸುರುಳಿಯಾಗಿದ್ದರೆ ಕ್ರಿಸ್ಪ್ ಅನ್ನುತ್ತಾರೆ, ಸುರುಳಿ ಪಾರ್ಸ್ಲಿಯ ಎಲೆ ಹಾಗಿರುತ್ತದೆ.

ಅಂಚು ಮಡಚಿಕೊಂಡಿದೆಯೇ ಅಂತ ಎಲೆ ತಿರುಗಿಸಿ ನೋಡಿ. ಕೆಳಮುಖಕ್ಕೆ ಸುತ್ತಿಕೊಂಡಿದ್ದರೆ ರೆವೊಲ್ಯೂಟ್, ಮೇಲ್ಮುಖಕ್ಕಾದರೆ ಇನ್ವೊಲ್ಯೂಟ್. ರೋಸ್ಮರಿಯ ಎಲೆ ಸೂಜಿಯಂತೆ ಕಾಣುವುದಕ್ಕೆ ಕಾರಣವೇ ಇದು, ಎರಡೂ ಅಂಚು ಕೆಳಕ್ಕೆ ಸುತ್ತಿಕೊಂಡಿರುತ್ತವೆ. ಈ ಗುಣವನ್ನು ತಾಜಾ ಎಲೆಯಲ್ಲೇ ನೋಡಿ ಬರೆದುಕೊಳ್ಳಬೇಕು. ಒಣಗಿದರೆ ಎಂಥ ಎಲೆಯೂ ಸುರುಟಿಕೊಳ್ಳುತ್ತದೆ. ಉಲ್ಟಾ, ಒತ್ತಿ ಒಣಗಿಸಿದ ಮಾದರಿಯಲ್ಲಿ ಅಲೆಯೆಲ್ಲ ಚಪ್ಪಟೆಯಾಗಿ ಹೋಗಿರುತ್ತದೆ.

ಅಂಚಿನ ಮೇಲೆ ಏನಿದೆ ಅನ್ನುವುದು ಕೊನೆಯ ಪ್ರಶ್ನೆ, ಬೇಗ ಮುಗಿಯುತ್ತದೆ. ಸಾಲಾಗಿ ಕೂದಲಿದ್ದರೆ ಸಿಲಿಯೇಟ್. ಗಟ್ಟಿ ಮುಳ್ಳಿದ್ದರೆ ಸ್ಪೈನಸ್: ಅರಿಶಿನ ದತ್ತೂರಿ, ಲೋಳೆಸರ, ಕತ್ತಾಳೆಯ ಹಲವು ಜಾತಿಗಳು. ಅಂಚು ಬೇರೆ ಬಣ್ಣದ್ದೋ, ಒಳಭಾಗಕ್ಕಿಂತ ದಪ್ಪವೋ, ಪಾರದರ್ಶಕವೋ ಅಂತಲೂ ಒಂದು ಮಾತು ಸೇರಿಸಿ.

ಬರೆದಾಗ ಹೇಗಿರಬೇಕು

ದಾಸವಾಳದ ಮಾದರಿ ವಿವರಣೆ ಹೀಗಿರಬಹುದು: ‘ಸರಳ ಎಲೆ, ಹಾಲೆಗಳಿಲ್ಲ. ಅಂಚು ಬುಡದ ಭಾಗದಲ್ಲಿ ಅಖಂಡ, ಅಲ್ಲಿಂದ ತುದಿಯವರೆಗೆ ಒರಟು ಹಲ್ಲುಗಳು. ಹಲ್ಲುಗಳು ತುದಿಯ ಕಡೆಗೆ ಬಾಗಿವೆ, ಗಾತ್ರ ಒಂದೇ ಸಮನಿಲ್ಲ, 1 ಸೆಂ.ಮೀ.ಗೆ ಒಂದೆರಡು. ಅಂಚು ಚಪ್ಪಟೆ, ಮುಳ್ಳಿಲ್ಲ. ಒಂದೇ ಗಿಡದ ಆರು ಎಲೆಗಳಲ್ಲಿ ನೋಡಿದ್ದು.’ ಹರಳಿನದ್ದು: ‘ಅಂಗೈ ಥರದ ಹಾಲೆಗಳು, ಅರ್ಧ ದಾಟಿದ ಆಳ. ಹಾಲೆಯ ಅಂಚು ಗರಗಸ, ಹಲ್ಲಿನ ಗಾತ್ರ ಏರುಪೇರು, ತುದಿಯಲ್ಲಿ ಗ್ರಂಥಿ.’

ಇಷ್ಟೆಲ್ಲ ಬರೆದ ಮೇಲೆ ‘ಸೆರೇಟ್’ ಅಂತ ಹೆಸರು ಸೇರಿಸಿ. ನಾಳೆ ಯಾರಾದರೂ ಅದು ಡೆಂಟೇಟ್ ಅಂತ ವಾದಕ್ಕೆ ಬಂದರೂ ನಿಮ್ಮ ವಿವರಣೆ ಹಾಳಾಗುವುದಿಲ್ಲ. ಜೊತೆಗೊಂದು ಪೆನ್ಸಿಲ್ ಚಿತ್ರ ಇರಲಿ. ಇಡೀ ಎಲೆ ಬೇಡ, ಮೂರು ಹಲ್ಲು ಮತ್ತು ಅವುಗಳೊಳಗಿನ ನರ ಸಾಕು. ಚಿತ್ರ ಬರೆಯಲು ಕೂತಾಗಲೇ ನಿಜವಾಗಿ ನೋಡುವುದು ಶುರುವಾಗುತ್ತದೆ.

ಅಂಚುಗಳಿಂದ ತಾಪಮಾನ

ಇಷ್ಟು ಸೂಕ್ಷ್ಮವಾಗಿ ಯಾಕೆ ನೋಡಬೇಕು ಅನ್ನುವವರಿಗೆ ಒಂದು ವಿಷಯ. 1915ರಲ್ಲಿ ಬೈಲಿ ಮತ್ತು ಸಿನಾಟ್ ಎಂಬ ಸಸ್ಯಶಾಸ್ತ್ರಜ್ಞರು ಒಂದು ಸಂಗತಿ ತೋರಿಸಿಕೊಟ್ಟರು. ಬಿಸಿ ಪ್ರದೇಶದ ಕಾಡುಗಳಲ್ಲಿ ಅಖಂಡ ಅಂಚಿನ ಮರಗಳ ಪಾಲು ಜಾಸ್ತಿ, ತಂಪು ಪ್ರದೇಶಕ್ಕೆ ಹೋದಂತೆ ಹಲ್ಲಿನ ಎಲೆಗಳ ಪಾಲು ಏರುತ್ತದೆ. 1979ರಲ್ಲಿ ಜ್ಯಾಕ್ ವೋಲ್ಫ್ ಪೂರ್ವ ಏಷ್ಯಾದ ಕಾಡುಗಳ ಮಾಹಿತಿ ಇಟ್ಟುಕೊಂಡು ಇದನ್ನು ಅಂಕಿಗೆ ಇಳಿಸಿದರು. ಆ ಮಾಹಿತಿಯಿಂದ ಬಂದ ಸೂತ್ರ ಹೀಗಿದೆ: ಅಖಂಡ ಅಂಚಿನ ಜಾತಿಗಳ ಶೇಕಡಾವಾರನ್ನು 0.306ರಿಂದ ಗುಣಿಸಿ 1.14 ಕೂಡಿಸಿದರೆ ಆ ಜಾಗದ ವಾರ್ಷಿಕ ಸರಾಸರಿ ತಾಪಮಾನ ಸೆಲ್ಸಿಯಸ್‌ನಲ್ಲಿ ಸಿಗುತ್ತದೆ. ಅರ್ಧದಷ್ಟು ಜಾತಿಗಳು ಅಖಂಡವಾಗಿದ್ದರೆ ಸುಮಾರು 16.4 ಡಿಗ್ರಿ. ಕೋಟ್ಯಂತರ ವರ್ಷ ಹಳೆಯ ಕಲ್ಲಿನಲ್ಲಿ ಅಚ್ಚಾದ ಎಲೆಗಳಿಂದ ಆಗಿನ ಹವೆಯನ್ನು ಅಂದಾಜು ಮಾಡಲು ಇದೇ ದಾರಿ ಬಳಸುತ್ತಾರೆ. ಅಖಂಡವೋ ಅಲ್ಲವೋ ಅನ್ನುವ ಒಂದೇ ತೀರ್ಮಾನದ ಮೇಲೆ ಇಡೀ ಲೆಕ್ಕ ನಿಂತಿದೆ.

ಹಲ್ಲು ಯಾಕೆ ತಂಪಿನಲ್ಲಿ ಜಾಸ್ತಿ? ಒಂದು ವಿವರಣೆ ಹೀಗೆ: ವಸಂತದಲ್ಲಿ ಎಲೆ ಬಿಚ್ಚಿಕೊಳ್ಳುವಾಗ ಹಲ್ಲಿನ ಭಾಗ ಮೊದಲೇ ಚುರುಕಾಗಿ ಆಹಾರ ತಯಾರಿಕೆ ಶುರುಮಾಡುತ್ತದೆ, ಬೆಳೆಯುವ ಕಾಲ ಚಿಕ್ಕದಾಗಿರುವ ಕಡೆ ಆ ಮುಂಚಿನ ಗಳಿಕೆ ದೊಡ್ಡ ಲಾಭ.

ನೀವೇ ಈ ಲೆಕ್ಕ ಮಾಡಿ ನೋಡುವುದಾದರೆ ಜಾತಿಗಳನ್ನು ಎಣಿಸಿ, ಎಲೆಗಳನ್ನಲ್ಲ. ಒಂದು ಮರದಿಂದ ನೂರು ಎಲೆ ಉದುರಿದರೂ ಅದು ಒಂದೇ ಜಾತಿ. ಕಟ್ಟಿಗೆಯಾಗಿ ಬಲಿಯುವ ದ್ವಿದಳ ಗಿಡಮರಗಳು ಮಾತ್ರ ಲೆಕ್ಕಕ್ಕೆ, ಹುಲ್ಲು ತಾಳೆಗಳನ್ನು ಬಿಡಿ. ಹಾಲೆಗಳಿದ್ದರೂ ಹಲ್ಲಿಲ್ಲದಿದ್ದರೆ ಅದನ್ನು ಅಖಂಡದ ಗುಂಪಿಗೇ ಹಾಕುತ್ತಾರೆ. ಹೊಳೆ ಕೆರೆಗಳ ದಂಡೆಯಲ್ಲಿ ಹಲ್ಲಿನ ಜಾತಿಗಳು ಜಾಸ್ತಿ ಸಿಗುವುದರಿಂದ, ಅಲ್ಲಿ ಎಣಿಸಿದರೆ ತಾಪಮಾನ ನಿಜಕ್ಕಿಂತ ಕಡಿಮೆ ಬರುತ್ತದೆ.

ಪುಸ್ತಕದ ಪ್ರಶ್ನೆಯಲ್ಲಿ ಸಿಕ್ಕಿಕೊಂಡರೆ

ಗಿಡ ಗುರುತಿಸುವ ಕೀಲಿಯಲ್ಲಿ, ಅಂದರೆ ಒಂದೊಂದೇ ಪ್ರಶ್ನೆ ಕೇಳಿ ಹೆಸರಿನ ಕಡೆಗೆ ಕರೆದೊಯ್ಯುವ ಪಟ್ಟಿಯಲ್ಲಿ, ‘ಅಂಚು ಅಖಂಡ’ ಒಂದು ಕವಲು, ‘ಅಂಚಿನಲ್ಲಿ ಹಲ್ಲು’ ಇನ್ನೊಂದು. ನಿಮ್ಮ ಎಲೆಯಲ್ಲಿ ಅಲ್ಲೊಂದು ಇಲ್ಲೊಂದು ಹಲ್ಲು ಮಾತ್ರ ಇದೆ. ಆಗ ಪುಸ್ತಕದ ಮೊದಲಲ್ಲೋ ಕೊನೆಯಲ್ಲೋ ಇರುವ ಪದಗಳ ವಿವರಣೆಯನ್ನು ನೋಡಿ, ಆ ಲೇಖಕರು ಅಖಂಡ ಅನ್ನುವುದನ್ನು ಎಷ್ಟು ಬಿಗಿಯಾಗಿ ಬಳಸಿದ್ದಾರೆ ಅಂತ ತಿಳಿದುಕೊಳ್ಳಿ. ಆದರೂ ಬಗೆಹರಿಯದಿದ್ದರೆ ಎರಡೂ ಕವಲು ಹಿಡಿದು ಮುಂದೆ ಹೋಗಿ. ಎರಡು ಮೂರು ಪ್ರಶ್ನೆ ದಾಟುವಷ್ಟರಲ್ಲಿ ತಪ್ಪು ಕವಲು ತಾನಾಗಿ ಸಿಕ್ಕಿಬೀಳುತ್ತದೆ: ಎದುರುಬದುರು ಎಲೆಗಳಿರುವ ಗಿಡ ಕೈಯಲ್ಲಿದ್ದಾಗ ಅದು ಒಂದು ಬಿಟ್ಟು ಒಂದು ಎಲೆಯಿರುವ ಗಿಡಗಳ ಪಟ್ಟಿಗೆ ಕರೆದೊಯ್ದಿರುತ್ತದೆ, ಅಥವಾ ಹಾಲು ಸುರಿಯುವ ಗಿಡಕ್ಕೆ ಹಾಲೇ ಇಲ್ಲ ಅನ್ನುತ್ತದೆ. ಎಲ್ಲಿ ಕವಲೊಡೆದಿರಿ ಅಂತ ಪ್ರಶ್ನೆಯ ಸಂಖ್ಯೆಯನ್ನು ಪೆನ್ಸಿಲಿನಲ್ಲಿ ಗುರುತು ಹಾಕಿಟ್ಟುಕೊಳ್ಳಿ, ಹಿಂದಕ್ಕೆ ಬರಲು ಸುಲಭ.